ಗಿರಾಕಿಯ ಮಾತು ಮತ್ತು ನಮ್ಮ ತಿದ್ದುಪಡಿ

(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣ ಪಾಠ)



ಪುಣೆಯ ಕನ್ನಡಿಗರಾದ ನಮ್ಮಲ್ಲಿ ಅನೇಕರು ಈ ಊರಿನಲ್ಲಿ ಸಣ್ಣಪುಟ್ಟ ವ್ಯವಹಾರ ನಡೆಸುತ್ತಿದ್ದೇವೆ. ಕೆಲವರದು ಹೋಟೆಲು, ಕೆಲವರದು ಡಬ್ಬಿ ಊಟ. ಮನೆಯಲ್ಲೇ ಚಟ್ನಿಪುಡಿ, ಶೇಂಗಾ ಹೋಳಿಗೆ ಮಾಡಿ ಮಾರುವವರಿದ್ದಾರೆ. ಸಂಗೀತ ಪಾಠ ಹೇಳುವವರು, ಬಟ್ಟೆ ಹೊಲಿಯುವವರು, ಟ್ಯೂಶನ್ ನಡೆಸುವವರು ಇದ್ದಾರೆ. ಇವರೆಲ್ಲರ ಹತ್ತಿರ ಒಂದು ಬೆಲೆಬಾಳುವ ವಸ್ತು ಇರುತ್ತದೆ. ಅದು ಗಿರಾಕಿಗಳು ಬರೆದುಕೊಟ್ಟ ಅಭಿಪ್ರಾಯ. ಗಲ್ಲಾದ ಹತ್ತಿರ ಇಟ್ಟ ಅಭಿಪ್ರಾಯ ಪುಸ್ತಕದಲ್ಲಿ ಬರೆದಿರಬಹುದು, ವಾಟ್ಸಾಪಿನಲ್ಲಿ ಬಂದಿರಬಹುದು, ಪತ್ರವೇ ಇರಬಹುದು. ಅದನ್ನು ನಾವು ಕರಪತ್ರದಲ್ಲಿ, ಜಾಲತಾಣದಲ್ಲಿ, ಅಂಗಡಿಯ ಗೋಡೆಯ ಮೇಲೆ ಹಾಕುತ್ತೇವೆ. ಹಾಕುವ ಮೊದಲು ಸ್ವಲ್ಪ ತಿದ್ದುತ್ತೇವೆ. ಈ 'ಸ್ವಲ್ಪ ತಿದ್ದುವುದು' ಎಂಬ ಕೆಲಸ ಎಷ್ಟು ಅಪಾಯದ್ದು ಎಂದು ನಾನು ತಪ್ಪು ಮಾಡಿ ಕಲಿತೆ. ಇವತ್ತು ಆ ತಪ್ಪನ್ನೇ ನಿಮ್ಮ ಮುಂದೆ ಹೇಳುತ್ತೇನೆ.

ನನಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ. ಧಾರವಾಡದ ಕಡೆಯವರು. ಮನೆಯಿಂದಲೇ ಡಬ್ಬಿ ಊಟ ಕೊಡುತ್ತಾರೆ. ಅವರಿಂದ ಊಟ ತರಿಸಿಕೊಳ್ಳುವವರಲ್ಲಿ ಓದುವ ಹುಡುಗರಿದ್ದಾರೆ, ಹಿಂಜವಡಿಯಲ್ಲಿ ಕೆಲಸ ಮಾಡುವವರಿದ್ದಾರೆ, ಮಕ್ಕಳು ದೂರದಲ್ಲಿರುವ ಹಿರಿಯರೂ ಇದ್ದಾರೆ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಅವರ ಮಗ ಒಂದು ಜಾಲತಾಣ ಮಾಡಿಸಿದ. ಅದರಲ್ಲಿ ಗಿರಾಕಿಗಳ ಅಭಿಪ್ರಾಯ ಹಾಕಬೇಕು, ಸ್ವಲ್ಪ ನೋಡಿಕೊಡಿ ಎಂದು ನನ್ನನ್ನು ಕೇಳಿದ. ಸುಮಾರು ಅರವತ್ತು ಅಭಿಪ್ರಾಯಗಳಿದ್ದವು. ಕೆಲವು ಚೀಟಿಗಳು, ಕೆಲವು ವಾಟ್ಸಾಪ್ ಸಂದೇಶಗಳು. ಎಲ್ಲವನ್ನೂ ಆತ ಒಂದು ಎಕ್ಸೆಲ್ ಹಾಳೆಯಲ್ಲಿ ಟೈಪ್ ಮಾಡಿಟ್ಟಿದ್ದ.

ನಾನು ಮೈಸೂರು ಕಡೆಯವಳು. ಹಾಳೆ ತೆರೆದು ನೋಡಿದರೆ 'ಭಾಳ ಚಲೋ ಐತಿ', 'ರುಚಿ ಅಂದ್ರ ರುಚಿ', 'ನಮ್ಮವ್ವನ ಕೈ ಊಟ ನೆನಪಾತು' ಎಂಬ ಮಾತುಗಳು. ಇವನ್ನೆಲ್ಲ 'ಶುದ್ಧ' ಮಾಡಬೇಕೆಂದು ನನಗೆ ಅನ್ನಿಸಿತು. ಭಾಳ ಚಲೋ ಐತಿ ಎಂಬುದು ತುಂಬಾ ಚೆನ್ನಾಗಿದೆ ಎಂದಾಯಿತು. ಉದ್ದವಾದದ್ದನ್ನು ಮೊಟಕು ಮಾಡಿದೆ. ದೂರಿನಂತೆ ಕಂಡದ್ದನ್ನು ತೆಗೆದೆ. ಎರಡು ಸಂಜೆಯಲ್ಲಿ ಕೆಲಸ ಮುಗಿಯಿತು.

ಕೊನೆಯಲ್ಲಿ ಮಗನಿಂದ ಇನ್ನೊಂದು ಸೂಚನೆ ಬಂತು. ಜಾಲತಾಣದಲ್ಲಿ 'ಅಕ್ಕ' ಎಂದಿದ್ದರೆ ಅಷ್ಟು ಸರಿ ಕಾಣುವುದಿಲ್ಲ, 'ಮೇಡಂ' ಎಂದು ಮಾಡಿಬಿಡಿ ಎಂದ. ನಾನು 'ರಿಪ್ಲೇಸ್ ಆಲ್' ಒತ್ತಿದೆ. ಅಕ್ಕ ಇರುವಲ್ಲೆಲ್ಲ ಮೇಡಂ ಎಂದು ಹಾಕು ಎಂದು ಕಂಪ್ಯೂಟರಿಗೆ ಹೇಳಿದೆ. ಅದು 71 ಕಡೆ ಬದಲಾಯಿಸಿದ್ದೇನೆ ಎಂದು ತೋರಿಸಿತು. ಅಕ್ಕ ಎಂಬ ಪದ ಮೂವತ್ತು ಕಡೆ ಇದ್ದೀತು ಎಂದು ನನ್ನ ಅಂದಾಜಿತ್ತು. 71 ಎಂದಾಗಲೇ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸೇವ್ ಮಾಡಿ, ಮುಚ್ಚಿ, ಕಳಿಸಿಬಿಟ್ಟೆ.

ಮರುದಿನ ಜಾಲತಾಣದಲ್ಲಿ ಏನು ಕಂಡಿತು ಗೊತ್ತೇ? 'ಅಕ್ಕರೆಯಿಂದ ಬಡಿಸುತ್ತಾರೆ' ಎಂದಿದ್ದದ್ದು 'ಮೇಡಂರೆಯಿಂದ ಬಡಿಸುತ್ತಾರೆ' ಎಂದಾಗಿತ್ತು. 'ಅಕ್ಕಪಕ್ಕದವರೂ ತರಿಸುತ್ತಾರೆ' ಎಂಬುದು 'ಮೇಡಂಪಕ್ಕದವರೂ' ಎಂದಾಗಿತ್ತು. ಅಕ್ಕಿ ಎಂಬ ಪದವಂತೂ ಒಂದೂ ಉಳಿದಿರಲಿಲ್ಲ. ಮೇಡಂ ಎಂಬ ಪದಕ್ಕೆ ಒಂದು ಅನಾಥ ಗುಡಿಸು ಅಂಟಿಕೊಂಡು ನಿಂತಿತ್ತು. ಕಾರಣ ಇಷ್ಟೆ. ನಮ್ಮ ಕಣ್ಣಿಗೆ 'ಕ್ಕಿ' ಎಂಬುದು ಒಂದೇ ಅಕ್ಷರ. ಕಂಪ್ಯೂಟರು ಅದನ್ನು 'ಕ್ಕ' ಮತ್ತು ಅದರ ಮುಂದೆ ಒಂದು ಗುಡಿಸು ಎಂದು ಬೇರೆಬೇರೆಯಾಗಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಅಕ್ಕಿಯ ಒಳಗೂ ಅದಕ್ಕೆ ಅಕ್ಕ ಸಿಗುತ್ತಾಳೆ. ಇಂಗ್ಲಿಷಿನಲ್ಲೂ ಇಂಥ ಅನಾಹುತ ಆಗುತ್ತದೆ. ಆದರೆ ಪದಕ್ಕೆ ಪ್ರತ್ಯಯ ಅಂಟಿಸಿಯೇ ಮಾತಾಡುವ ನಮ್ಮ ಭಾಷೆಯಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ.

ಗಾಬರಿಯಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಮೇಡಂ ಇದ್ದಲ್ಲೆಲ್ಲ ಮತ್ತೆ ಅಕ್ಕ ಎಂದು ಹಾಕಿಬಿಟ್ಟರೆ ಸರಿಹೋಗುತ್ತದೆ ಅಂದುಕೊಂಡು ಮತ್ತೊಮ್ಮೆ ರಿಪ್ಲೇಸ್ ಆಲ್ ಒತ್ತಿದೆ. ಅಕ್ಕಿ ಅಕ್ಕಿಯಾಯಿತು, ನಿಜ. ಆದರೆ ಕೆಲವು ಗಿರಾಕಿಗಳು ಮೊದಲೇ ತಾವಾಗಿ ಮೇಡಂ ಎಂದು ಬರೆದಿದ್ದರು. ಅವರ ಮೇಡಂ ಕೂಡ ಅಕ್ಕ ಆಗಿಹೋಯಿತು. ಯಾರು ಏನು ಬರೆದಿದ್ದರು ಎಂದು ಹಾಳೆ ನೋಡಿ ಹೇಳಲು ಇನ್ನು ಸಾಧ್ಯವೇ ಇರಲಿಲ್ಲ.

ಇಲ್ಲಿಯವರೆಗೆ ನಗುವ ಸಂಗತಿ. ಇನ್ನು ಮುಂದಿನದು ಹಾಗಲ್ಲ.

ಅದೇ ವಾರ ಒಬ್ಬ ಹಿರಿಯರು ಅಕ್ಕನ ಮನೆಗೆ ಫೋನ್ ಮಾಡಿದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಅವರ ಅಭಿಪ್ರಾಯವೂ ಜಾಲತಾಣದಲ್ಲಿತ್ತು. ನಾನು ತಿದ್ದಿದ ರೂಪ ಹೀಗಿತ್ತು: 'ಉಪ್ಪು ಕಡಿಮೆ ಇರುವ ರುಚಿಕರವಾದ ಊಟವನ್ನು ತಪ್ಪದೆ ಒದಗಿಸುತ್ತಾರೆ. ನಮ್ಮ ಮನೆಯವರಿಗೆ ಇವರ ಊಟ ತುಂಬಾ ಹಿಡಿಸಿತು.' ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲ. ಕಾಕಾ ಅಂದದ್ದು ಇಷ್ಟು: "ತಂಗೀ, ಇದು ನಾ ಬರದದ್ದಲ್ಲ. ಅಕಿ ಈಗಿಲ್ಲ. ಇದನ್ನ ಓದಿದವರು ಅಕಿ ಇನ್ನೂ ಇದ್ದಾಳ ಅಂತ ತಿಳೀತಾರ."

ಅಕ್ಕ ನನ್ನನ್ನು ಕರೆದರು. ಬಯ್ಯಲಿಲ್ಲ. "ಕಾಕಾ ಬರದದ್ದು ಏನಿತ್ತು, ನಿಮಗ ನೆನಪೈತೇನ್ರಿ?" ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ಅರವತ್ತರಲ್ಲಿ ಅದೂ ಒಂದು. ಹಾಳೆಯಲ್ಲಿ ನನ್ನ ವಾಕ್ಯ ಮಾತ್ರ ಇತ್ತು. ಅವರ ವಾಕ್ಯದ ಮೇಲೆಯೇ ನಾನು ನನ್ನದನ್ನು ಟೈಪ್ ಮಾಡಿದ್ದೆ. ಎಕ್ಸೆಲ್ ಮುಚ್ಚಿದ ಮೇಲೆ 'ಅನ್‌ಡೂ' ಕೂಡ ಇರುವುದಿಲ್ಲ.

ನಮ್ಮನ್ನು ಉಳಿಸಿದ್ದು ಒಂದು ಬಿಸ್ಕತ್ತಿನ ಡಬ್ಬ. ಖಾಲಿ ಡಬ್ಬಿ ವಾಪಸು ಕಳಿಸುವಾಗ ಕೆಲವರು ಒಳಗೆ ಚೀಟಿ ಇಡುತ್ತಿದ್ದರಂತೆ. ಅಕ್ಕ ಆ ಚೀಟಿಗಳನ್ನು ಬಿಸಾಡದೆ ದೇವರ ಮನೆಯ ಮೂಲೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದರು. ಎಣ್ಣೆ ಹತ್ತಿದ ಆ ಕಾಗದಗಳಲ್ಲಿ ಕಾಕಾ ಬರೆದದ್ದು ಸಿಕ್ಕಿತು: 'ಉಪ್ಪು ಕಡಿಮಿ ಹಾಕ್ರಿ ಅಂತ ಹೇಳಿದ್ದೆ. ಮೊದಲ ಎರಡು ದಿನ ಮರತ್ರು, ನಾನೂ ಸಿಟ್ಟಾದೆ. ಮೂರನೇ ದಿನದಿಂದ ಒಂದು ದಿನನೂ ಮರೀಲಿಲ್ಲ. ಕಡೀ ನಾಕು ತಿಂಗಳು ನಮ್ಮ ಮನಿಯಾಕಿ ಉಂಡದ್ದು ಈ ಅಕ್ಕನ ಕೈ ಅನ್ನನ.'

ಕೇಳುಗರೇ, ಎರಡನ್ನೂ ಹೋಲಿಸಿ ನೋಡಿ. ನಾನು ತೆಗೆದುಹಾಕಿದ್ದು ಎರಡು ದಿನದ ಮರೆವು, ಕಾಕಾನ ಸಿಟ್ಟು ಮತ್ತು ಕಡೆಯ ನಾಲ್ಕು ತಿಂಗಳು. ಆ ಮನುಷ್ಯ ಹೇಳಬೇಕೆಂದಿದ್ದದ್ದು ಅಷ್ಟನ್ನೇ. ವ್ಯಾಪಾರದ ದೃಷ್ಟಿಯಿಂದ ನೋಡಿದರೂ ನನ್ನ ವಾಕ್ಯವನ್ನು ಯಾರೂ ನಂಬಲಾರರು. ಹಾಗೆ ಯಾರು ಬೇಕಾದರೂ ಬರೆದುಕೊಳ್ಳಬಹುದು. ತಪ್ಪು ಮಾಡಿ ತಿದ್ದಿಕೊಂಡ ಅಡುಗೆಯವರನ್ನು ಮಾತ್ರ ಜನ ನಂಬುತ್ತಾರೆ.

ಆ ಮೇಲೆ ನಾನು ಯೋಚಿಸಿದೆ. ಇನ್ನೊಬ್ಬರ ಮಾತನ್ನು ಕೆಡಿಸದೆ ತಿದ್ದುವುದು ಹೇಗೆ? ಉತ್ತರ ನಮ್ಮ ಊರಿನಲ್ಲೇ ಇತ್ತು. ಲಾ ಕಾಲೇಜು ರಸ್ತೆಯ ಕಡೆ ಹೋದವರು ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯನ್ನು ನೋಡಿರುತ್ತೀರಿ. 1917ರಲ್ಲಿ ಆರಂಭವಾದ ಸಂಸ್ಥೆ ಅದು. ಅಲ್ಲಿ 1919ರಲ್ಲಿ ಮಹಾಭಾರತದ ಸಂಶೋಧಿತ ಆವೃತ್ತಿಯ ಕೆಲಸ ಪ್ರಾರಂಭಿಸಿದರು. ಮುಗಿದದ್ದು 1966ರಲ್ಲಿ. ನಲವತ್ತೇಳು ವರ್ಷ! 1925ರಿಂದ 1943ರಲ್ಲಿ ತೀರಿಕೊಳ್ಳುವವರೆಗೆ ವಿ. ಎಸ್. ಸುಕ್ತಂಕರ್ ಪ್ರಧಾನ ಸಂಪಾದಕರಾಗಿದ್ದರು. ಅವರ ನಂತರ ಎಸ್. ಕೆ. ಬೇಲ್ವಲ್ಕರ್, ಪಿ. ಎಲ್. ವೈದ್ಯ ಮೊದಲಾದವರು ಮುಂದುವರಿಸಿದರು. ದೇಶದ ನಾನಾ ಕಡೆಯ, ನಾನಾ ಲಿಪಿಗಳ 1,259 ಹಸ್ತಪ್ರತಿಗಳನ್ನು ಬಳಸಿಕೊಂಡು 19 ಸಂಪುಟಗಳನ್ನು ತಂದರು.

ಎಲ್ಲಿಯ ಮಹಾಭಾರತ, ಎಲ್ಲಿಯ ಡಬ್ಬಿ ಊಟದ ಚೀಟಿ ಎಂದು ನೀವು ನಗಬಹುದು. ಆದರೆ ಕೆಲಸದ ಕ್ರಮ ನೋಡಿ. ಹಸ್ತಪ್ರತಿಯನ್ನು ಅವರು ಮುಟ್ಟಲಿಲ್ಲ, ಅಂದರೆ ಅದರ ಮೇಲೆ ತಿದ್ದಲಿಲ್ಲ. ಗೆರೆ ಎಳೆದ ಬೇರೆ ಹಾಳೆಗಳಲ್ಲಿ ಒಂದು ಶ್ಲೋಕಕ್ಕೆ ಯಾವ ಪ್ರತಿಯಲ್ಲಿ ಏನಿದೆ ಎಂದು ಒಂದರ ಕೆಳಗೊಂದು ಬರೆದುಕೊಂಡರು. ಸರಿ ಎಂದು ತೋರಿದ ಪಾಠವನ್ನು ಪುಟದ ಮೇಲ್ಭಾಗದಲ್ಲಿ ಅಚ್ಚು ಹಾಕಿ, ಬೇರೆ ಪಾಠಗಳನ್ನು ಅದೇ ಪುಟದ ಕೆಳಗೆ ಕೊಟ್ಟರು. ಎಲ್ಲಿ ತಮಗೆ ಖಾತ್ರಿ ಇಲ್ಲವೋ ಅಲ್ಲಿ ಪದದ ಕೆಳಗೆ ಅಲೆಯಂಥ ಗೆರೆ ಎಳೆದರು. ತಾವೇ ಊಹಿಸಿ ಪದ ಹಾಕುವುದನ್ನು ಆದಷ್ಟು ಕಡಿಮೆ ಮಾಡಿದರು. ವ್ಯಾಸರು ಹೇಳುತ್ತಾ ಹೋದಂತೆ ಗಣಪತಿ ಬರೆದುಕೊಂಡ ಕಥೆ ನಮಗೆಲ್ಲ ಗೊತ್ತು. ಅದು ಮೂಲದಲ್ಲಿ ಇರಲಿಲ್ಲವೆಂದು ಸಂಪಾದಕರು ತೀರ್ಮಾನಿಸಿದರು. ಹಾಗೆಂದು ಅದನ್ನು ಅಳಿಸಿ ಹಾಕಲಿಲ್ಲ. ಆದಿಪರ್ವದ ಅನುಬಂಧದಲ್ಲಿ ಅದು ಇವತ್ತಿಗೂ ಇದೆ. ನಾಳೆ ಯಾರಾದರೂ ಈ ತೀರ್ಮಾನ ತಪ್ಪು ಎಂದರೆ ಪರಿಶೀಲಿಸಲು ಎಲ್ಲ ಸಾಮಗ್ರಿಯೂ ಅಲ್ಲೇ ಸಿಗುತ್ತದೆ.

ತೆಗೆದದ್ದೂ ಸಿಗುವಂತೆ ತಿದ್ದಬೇಕು. ನಮಗೆ ಬೇಕಾದ ನಿಯಮ ಇದೊಂದೇ.

ಇದನ್ನು ಅಂಗಡಿಯ ಮಟ್ಟಕ್ಕೆ ಇಳಿಸೋಣ. ಎಕ್ಸೆಲ್ ಆಗಲಿ, ಗೆರೆ ಹಾಕಿದ ನೋಟ್‌ಬುಕ್ ಆಗಲಿ, ಐದು ಕಾಲಂ ಮಾಡಿ. ಮೊದಲನೆಯದರಲ್ಲಿ ಗಿರಾಕಿ ಬರೆದದ್ದು, ಕಾಗುಣಿತ ತಪ್ಪಿದ್ದರೆ ತಪ್ಪಿನ ಸಮೇತ. ಎರಡನೆಯದರಲ್ಲಿ ನಾವು ತಿದ್ದಿದ ರೂಪ. ಮೂರನೆಯದರಲ್ಲಿ ಏನು ಬದಲಾಯಿಸಿದೆವು, ಯಾಕೆ. ನಾಲ್ಕನೆಯದರಲ್ಲಿ ಯಾರು ತಿದ್ದಿದರು, ಯಾವ ದಿನ. ಐದನೆಯದರಲ್ಲಿ ಗಿರಾಕಿ ಒಪ್ಪಿದರೇ, ಹೇಗೆ ಒಪ್ಪಿದರು. ಮೊದಲನೆಯ ಕಾಲಂಗೆ ಯಾರೂ ಕೈ ಹಚ್ಚಕೂಡದು. ಚೀಟಿ ಇದ್ದರೆ ಅದರ ಫೋಟೋ ತೆಗೆದಿಡಿ. ವಾಟ್ಸಾಪ್ ಸಂದೇಶವಿದ್ದರೆ ದಿನಾಂಕ ಕಾಣುವಂತೆ ಪರದೆಯ ಚಿತ್ರ ತೆಗೆದು ಬೇರೆ ಕಡೆ ಉಳಿಸಿ. ಫೋನ್ ಬದಲಾಯಿಸಿದಾಗ ಸಂದೇಶಗಳು ಹೋಗಬಹುದು. ತಾವಾಗಿ ಅಳಿಸಿಹೋಗುವ ಸಂದೇಶಗಳ ಏರ್ಪಾಡೂ ಇದೆ.

ಈ ಮೂಲಗಳು ಒಂದೇ ಕಡೆ ಇರುವುದೂ ಸಾಲದು. 2004ರ ಜನವರಿ 5ರಂದು ಗುಂಪೊಂದು ಭಾಂಡಾರಕರ್ ಸಂಸ್ಥೆಗೆ ನುಗ್ಗಿ ಪುಸ್ತಕ, ಹಸ್ತಪ್ರತಿಗಳಿಗೆ ಹಾನಿ ಮಾಡಿದ್ದು ಪುಣೆಯ ಜನರಿಗೆ ನೆನಪಿದೆ. ಅಚ್ಚಾಗಿ ಹೊರಗೆ ಹೋದ ಸಂಪುಟಗಳು ನಾನಾ ಗ್ರಂಥಾಲಯಗಳಲ್ಲಿ ಸುರಕ್ಷಿತವಾಗಿದ್ದವು. ಒಂದೇ ಪ್ರತಿ ಇದ್ದ ವಸ್ತುವಿಗೆ ಆ ಭಾಗ್ಯ ಇರುವುದಿಲ್ಲ. ನಮ್ಮ ಮಟ್ಟದಲ್ಲಿ ಇದರ ಅರ್ಥ, ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲೋ ಅಂತರ್ಜಾಲದ ಖಾತೆಯಲ್ಲೋ ಇನ್ನೊಂದು, ಕಾಗದದ ಮೇಲೆ ಮತ್ತೊಂದು.

ಇನ್ನು ಯಾವುದನ್ನು ತಿದ್ದಬಹುದು, ಯಾವುದನ್ನು ತಿದ್ದಬಾರದು? ನಾನು ಈಗ ಪಾಲಿಸುವುದು ಹೀಗೆ.

ಸ್ಪಷ್ಟವಾದ ಅಚ್ಚಿನ ತಪ್ಪು, ಅಂದರೆ ಬೆರಳು ಜಾರಿ ಬಿದ್ದ ಅಕ್ಷರ, ಎರಡು ಸಲ ಬಂದ ಪದ ಇವುಗಳನ್ನು ಸರಿಪಡಿಸಬಹುದು. ಫೋನ್ ನಂಬರು, ಮನೆಯ ವಿಳಾಸ, ಇನ್ನೊಬ್ಬರ ಕಾಯಿಲೆಯ ವಿವರ ಇದ್ದರೆ ತೆಗೆಯಲೇಬೇಕು. ಕಾಯಿಲೆಯ ವಿವರವನ್ನು ಬರೆದವರೇ ಇರಲಿ ಎಂದರೆ ಮಾತ್ರ ಇಡಬೇಕು. ಉದ್ದ ಹೆಚ್ಚಾದರೆ ಇಡೀ ವಾಕ್ಯವನ್ನು ಬಿಡಬಹುದು, ಬಿಟ್ಟಲ್ಲಿ ಮೂರು ಚುಕ್ಕಿ ಹಾಕಬೇಕು. ಆದರೆ ಬಿಟ್ಟ ಮೇಲೆ ಅರ್ಥ ಬದಲಾಗಬಾರದು. 'ಸಾರು ಚೆನ್ನಾಗಿತ್ತು, ಡಬ್ಬಿ ಮಾತ್ರ ದಿನಾ ತಡ' ಎಂದು ಬರೆದವರ ಮೊದಲರ್ಧವನ್ನಷ್ಟೇ ಹಾಕುವುದು ಮೋಸ.

ಆಡುಮಾತನ್ನು ಮುಟ್ಟಬೇಡಿ. ಪುಣೆಯ ಕನ್ನಡಿಗರಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ, ಉಡುಪಿ, ಮೈಸೂರು ಎಲ್ಲ ಕಡೆಯವರೂ ಇದ್ದೇವೆ. 'ಭಾಳ ಚಲೋ' ಎಂಬುದು ತಪ್ಪು ಕನ್ನಡ ಅಲ್ಲ, ಅವರ ಕನ್ನಡ. ಅದನ್ನು ಅಳಿಸಿದರೆ ಅರವತ್ತು ಜನ ಬರೆದದ್ದೂ ಒಬ್ಬರೇ ಬರೆದಂತೆ ಕಾಣುತ್ತದೆ. ಹಾಗೆ ಕಂಡರೆ ಓದಿದವರಿಗೆ ಅನುಮಾನ ಬರುತ್ತದೆ. ಬರುವುದು ನ್ಯಾಯವೂ ಹೌದು.

ಮರಾಠಿಯಲ್ಲಿ, ಹಿಂದಿಯಲ್ಲಿ ಬಂದ ಅಭಿಪ್ರಾಯವನ್ನು ಕನ್ನಡಕ್ಕೆ ಮಾಡಿ ಹಾಕುವುದಾದರೆ 'ಮರಾಠಿಯಿಂದ ಅನುವಾದ' ಎಂದು ಕೆಳಗೆ ಬರೆಯಿರಿ. ಮೂಲವನ್ನೂ ಜೊತೆಗೆ ಹಾಕಿದರೆ ಇನ್ನೂ ಒಳ್ಳೆಯದು. ಹೆಸರು, ಫೋಟೋ ಹಾಕಲು ಕೇಳಿಯೇ ಹಾಕಬೇಕು. ತಿದ್ದಿದ ರೂಪವನ್ನು ಬರೆದವರಿಗೆ ತೋರಿಸಿ, 'ಇದು ನಿಮ್ಮ ಮಾತೇ ಹೌದೇ?' ಎಂದು ಕೇಳಿ. ಈ ಒಂದು ಪ್ರಶ್ನೆ ಕೇಳಿದ್ದರೆ ಕಾಕಾ ಫೋನ್ ಮಾಡುವ ಪ್ರಮೇಯವೇ ಬರುತ್ತಿರಲಿಲ್ಲ.

ಕೆಲವು ಅಭಿಪ್ರಾಯಗಳನ್ನು ತಿದ್ದುವುದೂ ಬೇಡ, ಹಾಕುವುದೂ ಬೇಡ. ಅಕ್ಕನ ಹಾಳೆಯಲ್ಲಿ ಒಬ್ಬರು 'ನಿಮ್ಮ ಊಟದಿಂದ ನನ್ನ ಸಕ್ಕರೆ ಕಾಯಿಲೆ ಹೋಯಿತು' ಎಂದು ಬರೆದಿದ್ದರು. ಪ್ರೀತಿಯಿಂದ ಬರೆದದ್ದೇ ಇರಬಹುದು. ನಾವು ಅದನ್ನು ಪ್ರಕಟಿಸಿದರೆ ಅದು ನಮ್ಮ ಜಾಹೀರಾತಾಗುತ್ತದೆ. ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂದು ಔಷಧದ ಜಾಹೀರಾತು ಕೊಡುವುದನ್ನೇ ನಮ್ಮ ದೇಶದಲ್ಲಿ 1954ರ ಕಾಯ್ದೆ ನಿಷೇಧಿಸಿದೆ. ಹಾಗಿರುವಾಗ ಊಟದ ಬಗ್ಗೆ ಅಂಥ ಮಾತು ಹಾಕುವುದು ಜಾಣತನವಲ್ಲ. ಅದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಹೊಣೆ ಯಾರು? ಹಾಗಾಗಿ ಆ ಚೀಟಿಯನ್ನು ಡಬ್ಬದಲ್ಲೇ ಇಟ್ಟೆವು.

ಕಾನೂನಿನ ಮಾತು ಬಂದಿದ್ದರಿಂದ ಇನ್ನೆರಡು ಸಂಗತಿ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ಜಾಹೀರಾತಿನಲ್ಲಿ ಯಾರದಾದರೂ ಸಮರ್ಥನೆಯ ಮಾತು ಬಳಸಿದರೆ ಅದು ಅವರ ನಿಜವಾದ, ತಕ್ಕಮಟ್ಟಿಗೆ ಇತ್ತೀಚಿನ ಅಭಿಪ್ರಾಯವಾಗಿರಬೇಕು, ಅವರ ಅನುಭವ ಅಥವಾ ಸಾಕಷ್ಟು ಮಾಹಿತಿಯ ಮೇಲೆ ನಿಂತಿರಬೇಕು ಎಂದು ಅದು ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅದೇ 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೊದ ಐಎಸ್ 19000 ಎಂಬ ಮಾನಕ ಹೊರಬಂತು. ಅಂತರ್ಜಾಲದಲ್ಲಿ ಗ್ರಾಹಕರ ವಿಮರ್ಶೆಗಳನ್ನು ಸಂಗ್ರಹಿಸಿ ಪ್ರಕಟಿಸುವುದು ಹೇಗೆ ಎಂಬುದು ಅದರ ವಿಷಯ. ಪ್ರಾಮಾಣಿಕತೆ, ನಿಖರತೆ, ಖಾಸಗಿತನ, ಸುರಕ್ಷತೆ, ಪಾರದರ್ಶಕತೆ ಇವೆಲ್ಲ ಅದರ ತತ್ವಗಳು. ಸಣ್ಣ ಅಡುಗೆಮನೆಗೆ ದಂಡ ಹಾಕಲು ಯಾರೂ ಬರಲಿಕ್ಕಿಲ್ಲ ಎಂದು ಅನ್ನಿಸಬಹುದು. ಆದರೆ ನಿಜ ಮತ್ತು ಸುಳ್ಳಿನ ನಡುವಿನ ಗೆರೆ ಸಣ್ಣವರಿಗೂ ದೊಡ್ಡವರಿಗೂ ಒಂದೇ.

ಈಗ ಕಂಪ್ಯೂಟರಿನ ಮುಂದೆ ಕುಳಿತಾಗಿನ ಎಚ್ಚರಿಕೆಗಳು. ಕೆಲಸ ಶುರು ಮಾಡುವ ಮೊದಲು ಕಡತದ ಒಂದು ನಕಲು ಮಾಡಿ, ಹೆಸರಿನ ಮುಂದೆ ಅವತ್ತಿನ ತಾರೀಖು ಹಾಕಿ. ತಿದ್ದುವುದು ನಕಲಿನಲ್ಲಿ ಮಾತ್ರ. ರಿಪ್ಲೇಸ್ ಆಲ್ ಒತ್ತುವ ಮೊದಲು 'ಫೈಂಡ್ ಆಲ್' ಒತ್ತಿ ಎಷ್ಟು ಕಡೆ ಇದೆ, ಎಲ್ಲೆಲ್ಲಿ ಇದೆ ಎಂದು ನೋಡಿ. ಸಂಖ್ಯೆ ನಿಮ್ಮ ಅಂದಾಜಿಗಿಂತ ಹೆಚ್ಚಿದ್ದರೆ ಬೇರೆ ಪದಗಳ ಒಳಗೂ ಅದು ಸಿಕ್ಕಿದೆ ಎಂದರ್ಥ. ಆಗ ಒಂದೊಂದನ್ನಾಗಿ ನೋಡಿ ಬದಲಾಯಿಸಿ. ಅರವತ್ತು ಅಭಿಪ್ರಾಯಕ್ಕೆ ಹತ್ತು ನಿಮಿಷ ಸಾಕು. ನಾನು ಉಳಿಸಿದ್ದು ಹತ್ತು ನಿಮಿಷ, ಕಳೆದದ್ದು ಮೂರು ವಾರ.

ಕನ್ನಡಕ್ಕೇ ವಿಶೇಷವಾದ ಇನ್ನೊಂದು ಅಪಾಯವಿದೆ. ಜಾಲತಾಣಕ್ಕೆ ಏರಿಸಲು ಎಕ್ಸೆಲ್ ಹಾಳೆಯನ್ನು 'ಸಿಎಸ್‌ವಿ' ಎಂಬ ರೂಪದಲ್ಲಿ ಉಳಿಸಿ ಎನ್ನುತ್ತಾರೆ. ಬರೀ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. 'ಸಿಎಸ್‌ವಿ ಯುಟಿಎಫ್-8' ಎಂಬುದನ್ನೇ ಆರಿಸಬೇಕು. ನೋಟ್‌ಪ್ಯಾಡಿನಲ್ಲೂ 'ಆನ್ಸಿ' ಎಂದು ಉಳಿಸಿದರೆ ಇದೇ ಗತಿ. 2019ರಿಂದೀಚೆಗಿನ ವಿಂಡೋಸ್‌ನಲ್ಲಿ ನೋಟ್‌ಪ್ಯಾಡು ತಾನಾಗಿಯೇ ಯುಟಿಎಫ್-8 ಆರಿಸಿಕೊಳ್ಳುತ್ತದೆ, ಹಳೆಯದರಲ್ಲಿ ಹಾಗಿಲ್ಲ. ಇಲ್ಲಿ ಒಂದು ವ್ಯತ್ಯಾಸ ತಿಳಿದಿರಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ವಿಚಿತ್ರ ಇಂಗ್ಲಿಷ್ ಅಕ್ಷರಗಳಂತೆ ಕಂಡರೆ ಹೆದರಬೇಡಿ. ಅದು ಹಾಳಾಗಿಲ್ಲ. ಸರಿಯಾದ ಫಾಂಟು ಹಾಕಿದರೆ ಅಥವಾ ಯುನಿಕೋಡಿಗೆ ಪರಿವರ್ತಿಸಿದರೆ ಬರುತ್ತದೆ. ಆದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಮಾಡಿ ಉಳಿಸಿದ್ದರೆ ಅದರ ಹಿಂದೆ ಅಕ್ಷರ ಅಡಗಿ ಕೂತಿಲ್ಲ, ಅಳಿದೇ ಹೋಗಿದೆ. ಯಾವ ಫಾಂಟೂ ಅದನ್ನು ತರಲಾರದು. ಮೂಲಕ್ಕೇ ಹೋಗಬೇಕು.

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಅಚಾತುರ್ಯ ಆಗುತ್ತದೆ. ಆದಾಗ ಏನು ಮಾಡಬೇಕು?

ಮೊದಲು ಕೈ ನಿಲ್ಲಿಸಿ. ಸೇವ್ ಮಾಡಬೇಡಿ, ಕಡತ ಮುಚ್ಚಬೇಡಿ. ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಒಂದೊಂದೇ ಹೆಜ್ಜೆ ಹಿಂದೆ ಹೋಗಬಹುದು. ಮುಚ್ಚಿದ ಮೇಲೆ ಆ ದಾರಿ ಸಾಮಾನ್ಯವಾಗಿ ಇರುವುದಿಲ್ಲ.

ಮುಚ್ಚಿಯಾಗಿದ್ದರೆ ಹಳೆಯ ಆವೃತ್ತಿ ಇದೆಯೇ ನೋಡಿ. ಗೂಗಲ್ ಶೀಟ್ಸ್‌ನಲ್ಲಿ, ಒನ್‌ಡ್ರೈವ್‌ನಲ್ಲಿ ಇಟ್ಟ ಕಡತಗಳಲ್ಲಿ 'ವರ್ಶನ್ ಹಿಸ್ಟರಿ' ಎಂಬುದಿರುತ್ತದೆ. ನಿನ್ನೆ ಮೊನ್ನೆ ಹೇಗಿತ್ತು ಎಂದು ಅಲ್ಲಿ ಕಾಣುತ್ತದೆ. ವರ್ಡ್‌ಪ್ರೆಸ್ ಬಳಸಿ ಮಾಡಿದ ಜಾಲತಾಣಗಳಲ್ಲಿ 'ರಿವಿಶನ್ಸ್' ಎಂಬುದಿದೆ. ಆದರೆ ಅಭಿಪ್ರಾಯಗಳಿಗಾಗಿ ಬೇರೆ ಪ್ಲಗಿನ್ ಹಾಕಿದ್ದರೆ ಅದರಲ್ಲಿ ಈ ಸೌಲಭ್ಯ ಇರುತ್ತದೆ ಎಂದು ನಂಬಿ ಕೂರಬೇಡಿ. ತಪ್ಪಾಗುವ ಮೊದಲೇ ಒಂದು ಸಲ ತೆರೆದು ನೋಡಿಟ್ಟುಕೊಳ್ಳಿ. ಪೂರ್ತಿ ಅಳಿಸಿಹೋಗಿದ್ದರೆ ಕಸದ ಬುಟ್ಟಿ ನೋಡಿ. ಗೂಗಲ್ ಡ್ರೈವಿನಲ್ಲಿ ಅಳಿಸಿದ್ದು ಅಲ್ಲಿ 30 ದಿನ ಇರುತ್ತದೆ. ವರ್ಡ್‌ಪ್ರೆಸ್‌ನಲ್ಲೂ ಸಾಮಾನ್ಯವಾಗಿ ಅಷ್ಟೇ.

ಹಳೆಯ ಆವೃತ್ತಿ ಸಿಕ್ಕಿತೆಂದು ಈಗಿನದರ ಮೇಲೆ ಅದನ್ನು ಹೇರಬೇಡಿ. ನಡುವೆ ಬಂದ ಹೊಸ ಅಭಿಪ್ರಾಯಗಳು ಅಳಿದುಹೋಗುತ್ತವೆ. ಕೆಟ್ಟಿರುವ ಪ್ರತಿಯನ್ನೂ ಬೇರೆ ಹೆಸರಿನಲ್ಲಿ ಉಳಿಸಿ, ಎರಡನ್ನೂ ಪಕ್ಕದಲ್ಲಿಟ್ಟು ಒಂದೊಂದೇ ಹೋಲಿಸಿ. ನಾನು ಮಾಡಿದಂತೆ ತಿರುಗಿ ರಿಪ್ಲೇಸ್ ಆಲ್ ಒತ್ತುವುದು ಪರಿಹಾರವಲ್ಲ, ಎರಡನೆಯ ಗಾಯ. ಅಷ್ಟರವರೆಗೆ ಅನುಮಾನವಿರುವ ಅಭಿಪ್ರಾಯಗಳನ್ನು ಜಾಲತಾಣದಿಂದ ಇಳಿಸಿಡಿ. ಒಂದು ವಾರ ಜಾಗ ಖಾಲಿ ಇದ್ದರೆ ಯಾರ ಊಟವೂ ನಿಲ್ಲುವುದಿಲ್ಲ.

ಯಾವ ಮೂಲವೂ ಸಿಗದಿದ್ದರೆ ಬರೆದವರನ್ನೇ ಕೇಳಬೇಕು. 'ನಮ್ಮಿಂದ ತಪ್ಪಾಗಿದೆ, ನಿಮ್ಮ ಮಾತು ಕಳೆದುಹೋಗಿದೆ, ದಯವಿಟ್ಟು ಮತ್ತೊಮ್ಮೆ ಬರೆದುಕೊಡುತ್ತೀರಾ?' ನೆನಪಿನಿಂದ ನಾವೇ ಬರೆದು ಅವರ ಹೆಸರು ಹಾಕುವುದು ಮಾತ್ರ ಕೂಡದು. ಅದು ಎಷ್ಟೇ ಹತ್ತಿರವಿದ್ದರೂ ನಮ್ಮ ಮಾತು.

ನಾವೂ ಹಾಗೇ ಮಾಡಿದೆವು. ಅರವತ್ತರಲ್ಲಿ ಸುಮಾರು ನಲವತ್ತು ಬಿಸ್ಕತ್ತಿನ ಡಬ್ಬದಿಂದ, ಅಕ್ಕನ ಫೋನಿನಿಂದ ಸಿಕ್ಕವು. ಹತ್ತು ಹನ್ನೆರಡು ಜನ ಮತ್ತೆ ಬರೆದುಕೊಟ್ಟರು. ಮೊದಲು ಹೊಗಳಿದ್ದ ಒಬ್ಬರು ಈ ಸಲ ಚಪಾತಿ ದಪ್ಪವಾಗಿದೆ ಎಂದು ಬರೆದರು. ಅದನ್ನೂ ಹಾಕಿದೆವು. ಉಳಿದವರು ಊರು ಬಿಟ್ಟಿದ್ದರು, ನಂಬರು ಬದಲಾಗಿತ್ತು. ಆ ಏಳೆಂಟು ಅಭಿಪ್ರಾಯಗಳನ್ನು ಕೈಬಿಟ್ಟೆವು. ಅವು ಹೋದವು, ಅಷ್ಟೆ.

ಕಾಕಾನ ಮನೆಗೆ ಅಕ್ಕನೂ ನಾನೂ ಒಟ್ಟಿಗೆ ಹೋದೆವು. ಚೀಟಿಯಲ್ಲಿದ್ದ ಹಾಗೇ ಟೈಪ್ ಮಾಡಿದ್ದನ್ನು ಓದಿ ತೋರಿಸಿದೆ. 'ಕಡಿಮಿ', 'ಮರತ್ರು' ಎಲ್ಲ ಹಾಗೇ ಇತ್ತು. "ಕಾಕಾ, ಸಿಟ್ಟಾದೆ ಅನ್ನೋದು ಇರಲೇ?" ಎಂದು ಕೇಳಿದೆ. "ಇರಲಿ. ಅವತ್ತು ಸಿಟ್ಟಾದದ್ದು ಖರೆ ಐತಿ" ಎಂದರು. ಕೆಳಗೆ ತಮ್ಮ ಹೆಂಡತಿಯ ಹೆಸರನ್ನೂ ಸೇರಿಸಲು ಆಗುತ್ತದೆಯೇ ಎಂದು ಕೇಳಿದರು. ಸೇರಿಸಿದೆವು. ಐದನೆಯ ಕಾಲಂನಲ್ಲಿ 'ಸ್ವತಃ ಓದಿ ಒಪ್ಪಿದರು' ಎಂದು ಬರೆದು ತಾರೀಖು ಹಾಕಿದೆ.

ಅಕ್ಕನ ಜಾಲತಾಣದಲ್ಲಿ ಈಗ ಅವರು ಮೇಡಂ ಅಲ್ಲ. ಬರೆದವರು ಅಕ್ಕ ಎಂದಿದ್ದರೆ ಅಕ್ಕ, ಮೇಡಂ ಎಂದಿದ್ದರೆ ಮೇಡಂ.

ನಿಮ್ಮ ಅಂಗಡಿಯಲ್ಲೂ, ಮನೆಯಲ್ಲೂ ಅಂಥ ಚೀಟಿಗಳು ಇದ್ದರೆ ಇವತ್ತೇ ಅವುಗಳ ಫೋಟೋ ತೆಗೆದಿಡಿ. ತಿದ್ದುವ ಕೆಲಸ ಆಮೇಲೆ ಇಟ್ಟುಕೊಳ್ಳೋಣ.